ತಲುಪದ ಚೀಟಿಗಳು

ಕಂತು ೧೧

ಚರ್ಚಿನ ನಡಾವಳಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಾಳೆ ಕತ್ತರಿಸಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದೆ. ಹೊಲಿಗೆಯ ಪಕ್ಕದಲ್ಲಿ ಗೋಧಿ ಕಾಳಿನಷ್ಟು ಅಗಲದ ಅಂಚು ಮಾತ್ರ ಉಳಿದಿತ್ತು. ಒಂದೇ ಹಾಳೆ, ಒಂದೇ ಎಳೆತ. ಕತ್ತರಿಸಿದ ಕೈ ನಡುಗಿರಲಿಲ್ಲ.

ಅಂದು ಗುರುವಾರ, ಉಪವಾಸದ ದಿನ. ಸ್ಟ್ರಾತ್‌ಬೆಗ್ ಕಣಿವೆಯಲ್ಲಿ ಅಂಗಡಿ ಮುಚ್ಚಿತ್ತು, ಮರ ಕೊಯ್ಯುವ ಮಿಲ್ಲು ನಿಂತಿತ್ತು. ಭಾನುವಾರ ಕರ್ತನ ಭೋಜನ, ಸಭೆಯವರೆಲ್ಲ ಮೇಜಿಗೆ ಕೂತು ಯೇಸುವಿನ ನೆನಪಿಗೆ ರೊಟ್ಟಿ ಮುರಿಯುವ ದಿನ. ಅಷ್ಟರೊಳಗೆ ನಿಜವಾದ ಕಳ್ಳನ ಹೆಸರನ್ನು ನಾನು ಹೇಳದಿದ್ದರೆ, ಡೊಲೀನಾ ಸದರ್ಲ್ಯಾಂಡ್ ನಲವತ್ತು ವರ್ಷಗಳಲ್ಲಿ ಮೊದಲ ಸಲ ಮೇಜಿನಿಂದ ಹೊರಗುಳಿಯಬೇಕಾಗಿತ್ತು.

ಡೊಲೀನಾ ನಮ್ಮ ಶಾಲೆಯ ಹಳೆಯ ಮೇಷ್ಟ್ರಮ್ಮ. ಚರ್ಚಿಗೆ ನೂರೈವತ್ತು ತುಂಬುವ ಈ ವರ್ಷ ಅದರ ಚರಿತ್ರೆ ಬರೆದುಕೊಡಿ ಎಂದು ಚರ್ಚಿನ ಆಡಳಿತ ನೋಡುವ ನಾವು ಹಿರಿಯರೇ ಕೇಳಿಕೊಂಡು, ಜೂನ್ ತಿಂಗಳಲ್ಲಿ ನಡಾವಳಿ ಪುಸ್ತಕಗಳನ್ನು ಅವರ ಕೈಗೆ ಕೊಟ್ಟಿದ್ದೆವು. ಸೆಪ್ಟೆಂಬರಿನಲ್ಲಿ ಮರಳಿ ಬಂದಾಗ ೧೯೨೪ರ ನವೆಂಬರ್ ತಿಂಗಳ ಹಾಳೆ ಇರಲಿಲ್ಲ. ಆ ತಿಂಗಳ ಸಭೆಯಲ್ಲಿ ಡೊಲೀನಾರ ತಂದೆ ನೀಲ್ ಹಿರಿಯರ ಮುಂದೆ ನಿಂತಿದ್ದನೆಂದು ಹಳಬರಿಗೆ ಮಸುಕಾದ ನೆನಪು. ಅಪ್ಪನ ಮಾನ ಮುಚ್ಚಲು ಮಗಳು ಹಾಳೆ ಕಿತ್ತಳು ಎಂದು ಊರು ತೀರ್ಮಾನಿಸಿತು. ನಾನೂ ಹಾಗೇ ಎಣಿಸಿದ್ದೆ.

ನಾನು ಮೂವತ್ತು ವರ್ಷ ಈ ಜಿಲ್ಲೆಯ ಪೊಲೀಸಾಗಿದ್ದವನು, ಇಪ್ಪತ್ತೆರಡು ವರ್ಷದಿಂದ ಸಭೆಯ ಹಿರಿಯ. ಹಾಗಾಗಿ ವಿಚಾರಣೆ ನನ್ನ ಪಾಲಿಗೆ ಬಂತು. ಮಾರ್ಚಿನಲ್ಲಿ ಕ್ರಿಸ್ಟೀನಾ ತೀರಿಕೊಂಡ ಮೇಲೆ, ಯಾರು ಯಾವ ಕೆಲಸ ಹೇಳಿದರೂ ಬೇಡವೆನ್ನುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನಲವತ್ತೆರಡು ವರ್ಷ ಜೊತೆಗಿದ್ದ ಹೆಂಡತಿಯನ್ನು ಮಣ್ಣಿಗಿಟ್ಟವನಿಗೆ ಒಂದು ಹಾಳೆ ಹೋದರೆಷ್ಟು, ಇದ್ದರೆಷ್ಟು ಎಂದೂ ಅನ್ನಿಸುತ್ತಿತ್ತು.

ಮೂರು ಸಲ ತಿರುವಿ ಹಾಕಿದ ಪುಸ್ತಕದಲ್ಲಿ ನಾಲ್ಕನೆಯ ಸಲ ನೀರಿನ ಕಲೆ ಕಣ್ಣಿಗೆ ಬಿತ್ತು.

ಮೇಲಿನ ಮೂಲೆಯಲ್ಲಿ ಚಹಾದ ಬಣ್ಣದ ಕಲೆ, ಕುದುರೆಯ ಕಿವಿಯ ಆಕಾರ. ಹೋದ ಹಾಳೆಗೆ ಮೊದಲಿನ ಪುಟದಲ್ಲಿ ಶಾಯಿ ನೀರಿಗೆ ಕದಡಿ, ಎದುರಿನ ಪುಟದ ಮೇಲೆ ಅಚ್ಚಾಗಿತ್ತು. ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಅಕ್ಷರಗಳು. ಎರಡು ಪುಟಗಳ ನಡುವೆ ಆ ಹಾಳೆ ಇದ್ದಿದ್ದರೆ ಅಚ್ಚು ಹಾಳೆಯ ಮೇಲೆ ಬೀಳಬೇಕಿತ್ತು. ಪುಸ್ತಕ ನೆನೆದಾಗ ನಡುವೆ ಏನೂ ಇರಲಿಲ್ಲ.

ಪುಸ್ತಕ ನೆನೆದದ್ದು ಯಾವಾಗ ಎಂದು ನನಗೆ ಚೆನ್ನಾಗಿ ಗೊತ್ತು. ೧೯೩೮ರ ಬಿರುಗಾಳಿಗೆ ಚರ್ಚಿನ ಚಾವಣಿಯ ಹಲಗೆಗಳು ಹಾರಿಹೋಗಿ, ಈ ಪುಸ್ತಕಗಳಿದ್ದ ಕಬ್ಬಿಣದ ಪೆಟ್ಟಿಗೆಯೊಳಗೆ ನೀರು ಹೊಕ್ಕಿತ್ತು. ಪೆಟ್ಟಿಗೆಯನ್ನು ಪಾದ್ರಿ ಮನೆಗೆ ಹೊತ್ತವನು ನಾನೇ. ಒಲೆಯ ಸುತ್ತ ಹೆಂಗಸರು ಪುಸ್ತಕಗಳನ್ನು ಹರವಿಕೊಂಡು ಎರಡು ದಿನ ಒಣಗಿಸಿದ್ದರು.

ಹಾಗಾದರೆ ಹಾಳೆ ಹೋಗಿ ಇಪ್ಪತ್ತಮೂರು ವರ್ಷಕ್ಕೂ ಮೇಲಾಗಿದೆ. ಡೊಲೀನಾ ಈ ಪುಸ್ತಕವನ್ನು ಮೊದಲು ಮುಟ್ಟಿದ್ದು ಮೊನ್ನೆ ಜೂನಿನಲ್ಲಿ.

ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ನಾಚಿಕೆ. ಕಳೆದ ಒಂಬತ್ತು ದಿನಗಳಲ್ಲಿ ಎರಡು ಸಲ ಅವರ ಮನೆಗೆ ಹೋಗಿದ್ದೆ. ಟೋಪಿ ಕೂಡ ತೆಗೆಯದೆ ಪ್ರಶ್ನೆ ಕೇಳಿದ್ದೆ. ಹೊಲಿಗೆಯ ಡಬ್ಬಿ ತೆರೆಸಿ, ಯಾವ ಕತ್ತರಿ, ಯಾವ ಬ್ಲೇಡು ಎಂದು ನೋಡಿದ್ದೆ. ಅವರು ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟಿದ್ದರು.

ಆ ಕಾಲದಲ್ಲಿ ಪೆಟ್ಟಿಗೆಯ ಕೀಲಿಕೈ ಇದ್ದದ್ದು ಒಬ್ಬನ ಬಳಿ ಮಾತ್ರ. ಲಾಕ್ಲನ್ ಮೆಕ್ವಾರಿ, ನಲವತ್ತು ವರ್ಷ ಹಿರಿಯರ ಸಭೆಯ ಕಾರ್ಯದರ್ಶಿ. ಈಗ ಎಂಬತ್ತೆಂಟರ ಮುದುಕ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗಾಡಿ ಹತ್ತಿದೆ.

ಮಗಳ ಮನೆಯ ಅಡಿಗೆ ಕೋಣೆಯಲ್ಲಿ, ಒಲೆಯ ಪಕ್ಕದ ಮಂಚದ ಮೇಲೆ ಲಾಕ್ಲನ್ ದಿಂಬಿಗೊರಗಿ ಕೂತಿದ್ದ. ಉಪವಾಸದ ದಿನವಾದ್ದರಿಂದ ಸೂರ್ಯ ಮುಳುಗುವವರೆಗೆ ಯಾರಿಗೂ ಏನೂ ಇಲ್ಲವೆಂದು ಮಗಳು ಮುಂಚಿತವಾಗಿಯೇ ಹೇಳಿದಳು. ಅಪ್ಪನ ನಿಯಮ ಎಂದಳು. ಅಪ್ಪ ಮಾತ್ರ ಓಟ್ಸ್ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ತಿನ್ನುತ್ತಿದ್ದ.

“ಯಾರು, ಪೊಲೀಸಪ್ಪನಾ?” ಎಂದ. “ಉಪವಾಸದ ದಿನ ಯಾರನ್ನ ಹಿಡಿಯೋಕೆ ಬಂದೆಯೋ? ನನ್ನ ಹಿಡಿದ್ರೆ ಹೊತ್ಕೊಂಡೇ ಹೋಗ್ಬೇಕು. ಕಾಲು ಸೋತಿದೆ.”

“ಬಾಯಿ ಸೋತಿಲ್ವಲ್ಲ.”

“ಅದೊಂದೇ ಉಳಿದಿರೋದು. ಕೂತ್ಕೋ.”

ಮಗಳು ಹಸುಗಳ ಕಡೆ ಹೋಗುವವರೆಗೆ ಕಾದೆ. ಆಮೇಲೆ ಪುಸ್ತಕವನ್ನು ಅವನ ಹೊದಿಕೆಯ ಮೇಲೆ ಬಿಚ್ಚಿಟ್ಟು ಕಲೆಯ ವಿಷಯವನ್ನು ನಿಧಾನವಾಗಿ ಹೇಳಿದೆ. ಅವನು ಕನ್ನಡಕ ಕೇಳಿ ತೆಗೆದುಕೊಂಡು, ತಿರುಗುಮುರುಗಾದ ಅಕ್ಷರಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದ. ಅವು ಅವನದೇ ಅಕ್ಷರಗಳು.

“ಮೇಷ್ಟ್ರಮ್ಮ ಅಲ್ಲ ಅಂತೀಯಾ.”

“ಅಲ್ಲ.”

“ಹಾಗಾದ್ರೆ ಅವಳಿಗೆ ಭೋಜನದ ಚೀಟಿ ಕೊಟ್ಟು ಸುಮ್ನಾಗು. ಕಳ್ಳ ಸಿಗಲಿಲ್ಲ ಅನ್ನು. ನಿಮ್ಮೋರು ಯಾವಾಗ್ಲೂ ಹೇಳೋ ಮಾತು ತಾನೇ.”

ಅಷ್ಟಕ್ಕೆ ಹಿರಿಯರು ಒಪ್ಪುವುದಿಲ್ಲವೆಂದೆ. ಕಲೆ, ಅಚ್ಚು ಎಂದರೆ ಅವರಿಗೆ ಅದು ಪೊಲೀಸಿನ ಮಾತು. ಹೆಸರು ಬೇಕು ಅವರಿಗೆ. ಹೆಸರಿಲ್ಲದಿದ್ದರೆ ಭಾನುವಾರ ಇಡೀ ಕಣಿವೆಯ ಮುಂದೆ ಡೊಲೀನಾ ಹಿಂದಿನ ಬೆಂಚಿನಲ್ಲಿ ಉಳಿಯುತ್ತಾರೆ, ರೊಟ್ಟಿಯ ತಟ್ಟೆ ಅವರನ್ನು ದಾಟಿ ಹೋಗುತ್ತದೆ.

“ಆ ಹಾಳೇಲಿ ಏನಿತ್ತು, ಲಾಕ್ಲನ್?”

ಅವನು ಬಟ್ಟಲಿನ ತಳದಲ್ಲಿ ಉಳಿದ ರೊಟ್ಟಿಯ ಚೂರನ್ನು ಚಮಚದಿಂದ ಹುಡುಕುತ್ತಾ ಕೂತ. ಆಮೇಲೆ, “ನಿನಗೆ ಹಿಂಗುಡ್ಡದೋರು ನೆನಪಿದಾರಾ?” ಎಂದ.

ನೆನಪಿಲ್ಲದೆ ಏನು. ಕಣಿವೆಯ ಬೆನ್ನಿಗೆ, ಕಾಡಿನ ಅಂಚಿನಲ್ಲಿ ಹನ್ನೊಂದು ಮನೆ. ಈಗ ಅಲ್ಲಿ ಸ್ಪ್ರೂಸ್ ಮರಗಳು ಬೆಳೆದು ದಾರಿಯೇ ಮುಚ್ಚಿದೆ. ಮೂವತ್ತಾರು ವರ್ಷದಿಂದ ನಾವು ಅವರನ್ನು ‘ಮೇಜು ಬಿಟ್ಟವರು’ ಎಂದು ಕರೆಯುತ್ತಾ ಬಂದಿದ್ದೇವೆ. ಮಕ್ಕಳು ಹಟ ಮಾಡಿದರೆ, ಮೇಜು ಬಿಟ್ಟವರ ಹಾಗೆ ಆಡಬೇಡ ಎನ್ನುವುದು ನಮ್ಮೂರ ತಾಯಂದಿರ ಬಾಯಲ್ಲಿ ಗಾದೆಯಾಗಿದೆ.

ಚೀಟಿಯ ಕ್ರಮವನ್ನು ಇಲ್ಲಿ ಹೇಳಬೇಕು. ಭೋಜನ ವರ್ಷಕ್ಕೆ ಎರಡು ಸಲ. ಅದಕ್ಕೆ ಮುಂಚಿನ ವಾರ ಆಯಾ ಭಾಗದ ಹಿರಿಯನು ಮನೆಮನೆಗೆ ಹೋಗಿ, ಯೋಗ್ಯರೆಂದು ಕಂಡವರ ಕೈಗೆ ಹೆಸರು ಬರೆದ ಚೀಟಿ ಕೊಡುತ್ತಾನೆ. ಭಾನುವಾರ ಆ ಚೀಟಿಯನ್ನು ಒಪ್ಪಿಸಿದವರು ಮಾತ್ರ ಮೇಜಿಗೆ ಕೂರಬಹುದು. ಸಾಲಾಗಿ ಮೂರು ಭೋಜನ ತಪ್ಪಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಚೀಟಿ ಬರಲಿಲ್ಲವೆಂದು ಕೇಳಿ ಪಡೆಯುವ ರೂಢಿ ನಮ್ಮಲ್ಲಿಲ್ಲ. ಹಾಗೆ ಕೇಳುವವನು ತಾನು ಯೋಗ್ಯನೆಂದು ತಾನೇ ಸಾರಿಕೊಂಡಂತೆ.

೧೯೨೫ರ ಜನವರಿಯಲ್ಲಿ ಮತದಾನವಾಯಿತು. ಆಗ ದೇಶದಲ್ಲೆಲ್ಲ ಹೊಸದಾಗಿ ಆಗುತ್ತಿದ್ದ, ಬೇರೆ ಬೇರೆ ಪಂಥದ ಚರ್ಚುಗಳ ಒಕ್ಕೂಟಕ್ಕೆ ಸೇರುವುದೋ, ಪ್ರೆಸ್ಬಿಟೇರಿಯನ್ ಆಗಿಯೇ ಉಳಿಯುವುದೋ ಎಂಬ ಪ್ರಶ್ನೆ. ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಮತ. ಉಳಿಯುವುದಕ್ಕೆ ಎಪ್ಪತ್ತೊಂದು, ಸೇರುವುದಕ್ಕೆ ಐವತ್ತೆಂಟು. ಉಳಿದೆವು. ಪ್ರತಿ ವರ್ಷ ವಾರ್ಷಿಕೋತ್ಸವದ ದಿನ ಆ ಅಂಕಿಗಳನ್ನು ಮಕ್ಕಳ ಮುಂದೆ ಹೇಳುವವನು ನಾನು. ನಮ್ಮ ಪೂರ್ವಿಕರ ನಂಬಿಕೆಯನ್ನು ನ್ಯಾಯವಾಗಿ ಉಳಿಸಿಕೊಂಡೆವು ಎಂದು ಹೇಳುತ್ತೇನೆ.

“ಹಿಂಗುಡ್ಡದೋರು ಇಪ್ಪತ್ತಮೂರು ಜನ,” ಎಂದ ಲಾಕ್ಲನ್. “ಎಲ್ರೂ ಒಕ್ಕೂಟದ ಕಡೆ. ನೀನೇ ಕೂಡ್ಕೋ.”

ಐವತ್ತೆಂಟಕ್ಕೆ ಇಪ್ಪತ್ತಮೂರು ಕೂಡಲು ಹೊತ್ತು ಬೇಕಾಗಲಿಲ್ಲ.

“ಅವರು ಮೇಜಿಗೆ ಬರೋದು ಬಿಟ್ಟಿದ್ರು,” ಎಂದೆ. “ಮೂರು ಸಲ ಬರಲಿಲ್ಲ.”

“ಚೀಟಿ ಹೋದ್ರೆ ತಾನೇ ಬರೋದು.”

ಹಿಂಗುಡ್ಡದ ಹಿರಿಯನಾಗಿದ್ದವನು ಹೆಕ್ಟರ್ ರಾಸ್. ಕ್ರಿಸ್ಟೀನಾಳ ತಂದೆ, ನನ್ನ ಮಾವ. ಅವನ ಕಾಲದಲ್ಲಿ ಅವನಷ್ಟು ಉದ್ದ ಪ್ರಾರ್ಥನೆ ಮಾಡುವವರು ಈ ಜಿಲ್ಲೆಯಲ್ಲಿ ಇರಲಿಲ್ಲ.

“ಮೊದಲ್ನೇ ಸಲ ಕೆಸರು,” ಎಂದ ಲಾಕ್ಲನ್. “ನಿಜವಾಗ್ಲೂ ಕೆಸರು. ಕುದುರೆ ಹೊಟ್ಟೆವರೆಗೂ. ಹೆಕ್ಟರ್ ಅರ್ಧ ದಾರಿಯಿಂದ ವಾಪಸ್ ಬಂದ. ಚೀಟಿ ಕೋಟಿನ ಜೇಬಲ್ಲೇ ಉಳೀತು. ಭಾನುವಾರ ಹಿಂಗುಡ್ಡದೋರು ಒಬ್ರೂ ಬರಲಿಲ್ಲ. ನಮಗೆ ಯಾಕೆ ಚೀಟಿ ಬರಲಿಲ್ಲ ಅಂತ ಒಬ್ರೂ ಕೇಳಲೂ ಇಲ್ಲ. ಆಗ ಹೆಕ್ಟರ್‌ಗೆ ಗೊತ್ತಾಯ್ತು.”

“ಏನು ಗೊತ್ತಾಯ್ತು?”

“ಅವರು ಕೇಳೋರಲ್ಲ ಅಂತ.”

ಆಮೇಲಿನ ಎರಡು ಸಲ ಕೆಸರಿರಲಿಲ್ಲ. ದಾರಿ ಒಣಗಿತ್ತು. ಹೆಕ್ಟರ್ ಚೀಟಿಗಳನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು, ಗುಡ್ಡದ ಕಡೆ ಹೋಗದೆ ಮನೆಗೆ ಹೋದ. ಲಾಕ್ಲನ್‌ಗೆ ಅದು ಗೊತ್ತಿತ್ತು. ಆಗಿನ ಪಾದ್ರಿಗೆ ಗೊತ್ತಿತ್ತೋ ಇಲ್ಲವೋ, ತಾನು ಹೇಳಲಾರೆನೆಂದ.

ನೀಲ್ ಹಿಂಗುಡ್ಡದವನು. ಹಾಳೆಯಲ್ಲಿ ಇದ್ದದ್ದು ಅವನ ಅಪರಾಧವಲ್ಲ, ಅವನ ದೂರು. ಚೀಟಿ ಬರದಿದ್ದಾಗ ಹಿಂಗುಡ್ಡದ ಪ್ರತಿಯೊಂದು ಮನೆಯವರೂ ತಾವೊಬ್ಬರೇ ಅಯೋಗ್ಯರೆಂದು ಹಿರಿಯರು ಕಂಡುಕೊಂಡರು ಎಂದು ತಿಳಿದರು. ಯಾವ ಪಾಪಕ್ಕೆ ಎಂದು ಒಬ್ಬೊಬ್ಬರೂ ತಮ್ಮೊಳಗೇ ಹುಡುಕಿಕೊಂಡರು. ಹುಡುಕಿದರೆ ಯಾರಿಗೆ ಸಿಗುವುದಿಲ್ಲ? ನಾಚಿಕೆಯಿಂದ ಪಕ್ಕದ ಮನೆಯವರಿಗೂ ಹೇಳಲಿಲ್ಲ. ಭೋಜನದ ಭಾನುವಾರ ತಲೆನೋವು, ಹಸು ಕರು ಹಾಕುತ್ತಿದೆ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಒಳಗೇ ಉಳಿದರು. ಹನ್ನೊಂದು ಮನೆ, ಒಂದೂವರೆ ವರ್ಷ.

ಕೊನೆಗೆ ನೀಲನ ಹೆಂಡತಿ ಸಾಯುವಾಗ, ತಾನು ಮಾಡಿದ ಯಾವ ತಪ್ಪಿಗೆ ಮನೆಗೆ ಚೀಟಿ ನಿಂತಿತು ಎಂದು ಪಕ್ಕದ ಮನೆಯವಳನ್ನು ಕೇಳಿದಳಂತೆ. ನಮಗೂ ಬಂದಿಲ್ಲವಲ್ಲ ಎಂದು ಅವಳು ಅತ್ತಳು. ಅಂದು ತಿಳಿಯಿತು. ಮಣ್ಣು ಮಾಡಿದ ವಾರವೇ ನೀಲ್ ಹಿರಿಯರ ಮುಂದೆ ಬಂದು ನಿಂತು ಅಷ್ಟನ್ನೂ ಹೇಳಿದ. ಲಾಕ್ಲನ್ ಅದನ್ನು ಬರೆದುಕೊಂಡ. ಕಾರ್ಯದರ್ಶಿಯಾದವನು ಬರೆಯದೆ ಇರುವಂತಿಲ್ಲ. ‘ವಿಷಯವನ್ನು ಸದ್ಯಕ್ಕೆ ಹಾಗೆಯೇ ಬಿಡಲು ತೀರ್ಮಾನಿಸಲಾಯಿತು’ ಎಂಬುದು ಕೊನೆಯ ಸಾಲು.

ಜನವರಿಯ ಮತದಾನದ ದಿನ ಚರ್ಚಿನ ಬಾಗಿಲಲ್ಲಿ ಸಮವಸ್ತ್ರ ಹಾಕಿಕೊಂಡು, ಪಟ್ಟಿ ಹಿಡಿದು ನಿಂತಿದ್ದವನು ನಾನು. ಇಪ್ಪತ್ತಮೂರು ಜನ ಹಿಮದಲ್ಲಿ ಸಾಲಾಗಿ ನಡೆದು ಬಂದರು. ಮುಂದೆ ನೀಲ್. ಪಟ್ಟಿಯಲ್ಲಿ ಹೆಸರಿಲ್ಲವೆಂದೆ. ಅವನು ಟೋಪಿ ತೆಗೆದ. ಹಾಗಾದರೆ ಸರಿ ಎಂದು ಹೇಳಿ ತಿರುಗಿದ. ಒಬ್ಬರೂ ಜಗಳಕ್ಕೆ ನಿಲ್ಲಲಿಲ್ಲ. ಶಾಂತಿಯಿಂದ ಮುಗಿಯಿತೆಂದು ಆ ರಾತ್ರಿ ನಾನು ದೇವರಿಗೆ ಸ್ತೋತ್ರ ಹೇಳಿದ್ದೆ.

“ಹಾಳೆ ಕತ್ತರಿಸಿದ್ದು ಯಾರು?”

“ಹೆಕ್ಟರ್ ಅನ್ನು. ಅವನು ಸತ್ತು ಇಪ್ಪತ್ತಾರು ವರ್ಷ ಆಯ್ತು. ಸತ್ತೋರು ಚೀಟಿ ಕೇಳಲ್ಲ.”

“ಹೆಕ್ಟರ್ ಕೈ ನಡುಗ್ತಿತ್ತು. ಚಹಾ ಕುಡಿಯೋಕೂ ಎರಡು ಕೈ ಬೇಕಾಗಿತ್ತು ಅವನಿಗೆ.”

“ನಾನು ಅನ್ನು ಹಾಗಾದ್ರೆ.”

“ಇದನ್ನ ನೋಡು,” ಎಂದು ಆ ಅಂಚನ್ನು ತೋರಿಸಿದೆ. “ಅಳತೆಪಟ್ಟಿ ಇಟ್ಟು ಎಳೆದ ಹಾಗಿದೆ. ನಿನ್ನ ಬಲಗೈ ಆಗಲೇ ಸೆಟೆದುಕೊಂಡಿತ್ತು. ಬರೆದ ಅಕ್ಷರದಲ್ಲೇ ಕಾಣುತ್ತೆ.”

ಅವನು ಕನ್ನಡಕ ತೆಗೆದು ಹೊದಿಕೆಯ ಮೇಲಿಟ್ಟ. ಅವನ ಕಣ್ಣಲ್ಲಿ ನನ್ನ ಬಗ್ಗೆ ಕನಿಕರವಿತ್ತು. ಅದನ್ನು ಕಂಡು ಎದ್ದು ಹೊರಟುಬಿಡಬೇಕೆನ್ನಿಸಿತು.

“ಮನೆಗೆ ಹೋಗು, ಮರ್ಡಾಕ್.”

“ಹೇಳು.”

“ಪುಸ್ತಕ ವರ್ಷಕ್ಕೊಮ್ಮೆ ಮೇಲಿನ ಸಭೆಯೋರ ಹತ್ರ ತಪಾಸಣೆಗೆ ಹೋಗ್ಬೇಕಲ್ಲ. ಆ ಹಾಳೆ ಇಟ್ಕೊಂಡು ಹೇಗೆ ಕಳ್ಸೋದು? ಆಗ ಪುಟಕ್ಕೆ ನಂಬರ್ ಹಾಕೋ ಅಭ್ಯಾಸ ಇರಲಿಲ್ಲ, ಒಂದು ಹೋದ್ರೆ ಗೊತ್ತಾಗ್ತಿರಲಿಲ್ಲ. ಕಳ್ಸೋಕೆ ಮುಂಚೆ ಹೆಕ್ಟರ್ ಬಂದು ತಗೊಂಡ್ಹೋದ. ತನ್ನ ಮನೆಗಲ್ಲ, ನಿನ್ನ ಮನೆಗೆ. ಮಗಳ ಹತ್ರ. ಈ ಕಣಿವೇಲಿ ಅರ್ಧ ಹೆಂಗಸರ ಮದುವೆ ಬಟ್ಟೆಗೆ ಕತ್ತರಿ ಹಾಕಿದೋಳು ಅವಳು. ಅವಳ ಕೈ ಎಷ್ಟು ನೇರ ಅಂತ ನಾನು ನಿನಗೆ ಹೇಳ್ಬೇಕಾ?”

ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದೆ. ಬಾಗಿಲ ಹತ್ತಿರ ಹೋದಾಗ ಅವನು ಹಿಂದಿನಿಂದ, “ಸಭೆ ಉಳೀಬೇಕಿತ್ತು ಕಣಯ್ಯ,” ಎಂದ. ಯಾರನ್ನೋ ಬೇಡಿಕೊಳ್ಳುವಂತಿತ್ತು ಆ ದನಿ. ನಾನು ತಿರುಗಿ ನೋಡಲಿಲ್ಲ.

ಪಾದ್ರಿ ಮನೆಗೆ ಮೂರು ಮೈಲಿ. ಆ ಮೂರು ಮೈಲಿಯೂ ಹೇಳಿಬಿಡಬೇಕೆಂದೇ ಹೋದೆ. ಏನು ಹೇಳಬೇಕೆಂದು ವಾಕ್ಯವನ್ನೂ ಕಟ್ಟಿಕೊಂಡಿದ್ದೆ. ಹಾಳೆಯನ್ನು ಕತ್ತರಿಸಿದವಳು ನನ್ನ ಹೆಂಡತಿ, ಡೊಲೀನಾಗೆ ಚೀಟಿ ಕೊಡಿ. ಇಷ್ಟೇ. ಗುಡ್ಡೆಯ ಮೇಲಿನ ಸ್ಮಶಾನ ದಾಟುವಾಗ ಗಾಡಿ ನಿಲ್ಲಿಸಲಿಲ್ಲ. ಮಾರ್ಚಿನಿಂದ ಒಂದು ದಿನವೂ ನಿಲ್ಲಿಸದೆ ಹೋದವನಲ್ಲ ನಾನು.

ಪಾದ್ರಿಗಳು ಬಾಗಿಲು ತೆರೆದವರೇ ನನ್ನನ್ನು ಓದುವ ಕೋಣೆಗೆ ಕರೆದೊಯ್ದರು. ಹರೆಯದವರು, ಊರಿಗೆ ಬಂದು ಎರಡು ವರ್ಷ. ಅವರ ಮುಖದಲ್ಲಿ ಹಗುರಾದ ಭಾವವಿತ್ತು.

ಇನ್ನು ನಾನು ಕಷ್ಟಪಡಬೇಕಾಗಿಲ್ಲವೆಂದರು. ಅರ್ಧ ಗಂಟೆಯ ಹಿಂದೆ ಡೊಲೀನಾ ತಾವಾಗಿಯೇ ಬಂದು, ಹಾಳೆ ಕತ್ತರಿಸಿದ್ದು ತಾನೆಂದು ಒಪ್ಪಿಕೊಂಡಿದ್ದರು. ಭಾನುವಾರ ಸಭೆಯ ಮುಂದೆ ನಿಂತು ತಪ್ಪೊಪ್ಪಿಗೆ ಹೇಳಲು ಸಿದ್ಧ. ಈ ಸಲದ ಭೋಜನಕ್ಕೆ ಕೂರುವಂತಿಲ್ಲ, ವಸಂತದಲ್ಲಿ ನೋಡೋಣ. ನನ್ನ ವಿಚಾರಣೆಯ ವರದಿಗೆ ಒಂದು ಸಹಿ ಬಿದ್ದರೆ ಕೆಲಸ ಮುಗಿಯಿತು.

“ನಿಮ್ಮ ವಿಚಾರಣೇಲಿ ಇದಕ್ಕೆ ವಿರುದ್ಧವಾಗಿ ಏನಾದ್ರೂ ಸಿಕ್ಕಿದೆಯಾ, ಮರ್ಡಾಕ್ ಅವರೇ?” ಎಂದು ಕೇಳಿದರು. ಕೇಳಬೇಕಲ್ಲ ಎಂದು ಕೇಳಿದ್ದು.

ಬಟ್ಟೆಯಲ್ಲಿ ಸುತ್ತಿದ ಪುಸ್ತಕ ನನ್ನ ಕಂಕುಳಲ್ಲಿತ್ತು. ಡೊಲೀನಾ ಇದನ್ನು ಕ್ರಿಸ್ಟೀನಾಳಿಗಾಗಿ ಮಾಡಿದ್ದಾರೆ ಎಂದುಕೊಂಡೆ. ಮಾರ್ಚಿನಲ್ಲಿ ಆಸ್ಪತ್ರೆಯಲ್ಲಿ ಪ್ರತಿ ಮಧ್ಯಾಹ್ನ ಅವಳ ಪಕ್ಕ ಕೂತಿದ್ದವರು. ಸತ್ತವಳ ಹೆಸರನ್ನು ಕಾಪಾಡಲು ಜೀವಂತ ಇರುವವರು ಕಳಂಕ ಹೊರುತ್ತಿದ್ದಾರೆ. ಅದನ್ನು ಬೇಡವೆನ್ನಲು ನನಗೇನು ಹಕ್ಕು ಎಂದು ಕೂಡ ಯೋಚಿಸಿದೆ. ಮನುಷ್ಯನು ತನಗೆ ಬೇಕಾದ್ದಕ್ಕೆ ಎಷ್ಟು ಬೇಗ ಧರ್ಮದ ಬಟ್ಟೆ ಹೊಲಿಯುತ್ತಾನೆ.

“ಇಲ್ಲ, ಅಯ್ಯನೋರೆ,” ಎಂದೆ.

ವರದಿಯನ್ನು ಟೈಪು ಮಾಡಿ ತರುತ್ತೇನೆಂದು ಪಾದ್ರಿಗಳು ಹಿಂದಿನ ಕೋಣೆಗೆ ಹೋದರು. ಯಂತ್ರದ ಸದ್ದು ಶುರುವಾಯಿತು. ಅದೇ ಹೊತ್ತಿಗೆ ನನ್ನ ಎಡಗಡೆಯ ಬಾಗಿಲು ತೆರೆಯಿತು. ಪಕ್ಕದ ಕೋಣೆಯಲ್ಲಿ ಕಾದು ಕೂತಿದ್ದ ಡೊಲೀನಾ, ಟೋಪಿ, ಕೈಗವಸು ಹಾಕಿಕೊಂಡೇ ಒಳಗೆ ಬಂದರು. ಬಾಗಿಲನ್ನು ಮೆತ್ತಗೆ ಮುಚ್ಚಿದರು.

“ಲಾಕ್ಲನ್ ಮನೆ ಮುಂದೆ ನಿಮ್ಮ ಗಾಡಿ ನಿಂತಿತ್ತು,” ಎಂದರು. “ಇವತ್ತು ನಿಮಗೆ ಗೊತ್ತಾಗುತ್ತೆ ಅಂದ್ಕೊಂಡೆ. ಗೊತ್ತಾದ್ಮೇಲೆ ಏನ್ ಮಾಡ್ತೀರಿ ಅಂತ ನೋಡ್ಬೇಕಿತ್ತು.”

ನಾನು ಹಿಂದಿನ ಕೋಣೆಯ ಕಡೆ ನೋಡಿದೆ.

“ನೋಡ್ದೆ,” ಎಂದರು.

“ನೀವು ಕತ್ತರಿಸಿಲ್ಲ, ಮೇಷ್ಟ್ರಮ್ಮ.”

“ಇಲ್ಲ.”

“ಮತ್ತೆ ಯಾಕೆ ಒಪ್ಕೊಂಡ್ರಿ? ಕ್ರಿಸ್ಟೀನಾಗೋಸ್ಕರನಾ?”

ಅವರು ನಕ್ಕರೋ ಉಸಿರು ಬಿಟ್ಟರೋ ತಿಳಿಯಲಿಲ್ಲ. “ಅಷ್ಟು ಒಳ್ಳೆಯವಳಲ್ಲ ನಾನು. ನಮ್ಮಪ್ಪ ಆ ಬಾಗ್ಲಿಂದ ತಿರುಗಿದೋನು ಸಾಯೋವರೆಗೂ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ನಾನು ಮಾತ್ರ ಕಣಿವೇಲಿ ನೌಕರಿ, ಕಣಿವೇಲಿ ಬಾಡಿಗೆ ಕೋಣೆ ಅಂತ ಪ್ರತಿ ಸಲ ಚೀಟಿ ತಗೊಂಡು ಮೇಜಿಗೆ ಕೂತೆ. ಅಪ್ಪನ್ನ ಮೇಜು ಬಿಟ್ಟೋನು ಅಂತ ಎಲ್ರೂ ಅಂದಾಗ ತಲೆ ತಗ್ಗಿಸ್ಕೊಂಡು ರೊಟ್ಟಿ ಮುರಿದೆ. ನಾಚಿಕೆ ನಿಮಗೊಬ್ರಿಗೇ ಅಂದ್ಕೊಂಡ್ರಾ?”

ಟೈಪು ಯಂತ್ರ ನಿಂತು ಮತ್ತೆ ಶುರುವಾಯಿತು. ಡೊಲೀನಾ ದನಿ ತಗ್ಗಿಸಿದರು. ನಮ್ಮ ಚರ್ಚಿನಲ್ಲಿ ಹೆಂಗಸು ಎದ್ದುನಿಂತು ಮಾತಾಡುವಂತಿಲ್ಲ. ನೂರೈವತ್ತು ವರ್ಷದ ನಡಾವಳಿಗಳನ್ನು ಓದಿದ ಮೇಲೆ ಅವರಿಗೆ ಸಿಕ್ಕ ಅವಕಾಶ ಒಂದೇ ಒಂದು. ತಪ್ಪೊಪ್ಪಿಕೊಂಡವರು ಗಂಡಾಗಲಿ ಹೆಣ್ಣಾಗಲಿ, ಸಭೆಯ ಮುಂದೆ ತಮ್ಮ ಬಾಯಿಂದಲೇ ಹೇಳಬೇಕು. ಅವರು ಮುಗಿಸಿ ಕೂರುವವರೆಗೆ ಪಾದ್ರಿಯೂ ತಡೆಯುವಂತಿಲ್ಲ. ಮೊದಲ ಪುಸ್ತಕದ ಮೊದಲ ನಿಯಮಗಳಲ್ಲೇ ಅದು ಇದೆ.

“ಚರಿತ್ರೆ ಬರೆದು ಕೊಟ್ರೆ ನೀವು ಹಿರಿಯರು ಆ ಭಾಗ ತೆಗೆದು ಅಚ್ಚು ಹಾಕಿಸ್ತೀರಿ. ಹಾಳೆ ತಂದು ಕೊಟ್ರೆ ಪೆಟ್ಟಿಗೇಲಿಟ್ಟು ಬೀಗ ಹಾಕ್ತೀರಿ. ಆ ಹಾಳೇನ ಎಲ್ರ ಮುಂದೆ ಓದೋಕೆ ನನಗಿರೋದು ಒಂದೇ ದಾರಿ, ಕಳ್ಳಿ ಆಗೋದು.”

“ಹಾಳೆ ನಿಮ್ಮ ಹತ್ರ ಇದೆಯಾ?”

“ಮಾರ್ಚಿಂದ. ಕ್ರಿಸ್ಟೀನಾನೇ ಕೊಟ್ಲು. ಕೀರ್ತನೆ ಪುಸ್ತಕದ ರಟ್ಟಿನೊಳಗೆ ಹೊಲಿದಿಟ್ಕೊಂಡಿದ್ಲು.”

ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅಪ್ಪ ಸುಟ್ಟುಬಿಡು ಎಂದು ಹೇಳಿಯೇ ಕೊಟ್ಟಿರಬೇಕು. ಅವಳು ಸುಡಲಿಲ್ಲ. ಅಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು ಅದೇ ಪುಸ್ತಕ ತೆರೆದು ಹಾಡಿದ್ದಳು.

“ನನಗೆ ಕೊಡದೆ ನಿಮಗೆ ಯಾಕೆ ಕೊಟ್ಟಳು?”

“ಅದನ್ನೇ ನಾನೂ ಕೇಳ್ದೆ. ನಿಮ್ಮ ಗಂಡ ಪೊಲೀಸು, ಹಿರಿಯರು, ಅವರ ಕೈಗೆ ಕೊಡಮ್ಮ ಅಂದೆ.” ಡೊಲೀನಾ ಕೈಗವಸಿನ ಗುಂಡಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು. “ಅವರಿಗೆ ಗೊತ್ತು ಅಂದ್ಲು. ಕತ್ತರಿಸುವಾಗ ಅಡಿಗೆ ಮನೆ ಬಾಗ್ಲಲ್ಲಿ ನಿಂತಿದ್ರು, ನೋಡಿದ್ರು, ಸೌದೆ ತರ್ತೀನಿ ಅಂತ ಹೊರಗೆ ಹೋದ್ರು ಅಂದ್ಲು. ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲ, ಅವತ್ತು ಏನ್ ಮಾಡ್ತಿದ್ದೆ ಅಂತ ಕೇಳಿದ್ರೆ ಕೊಟ್ಟುಬಿಡ್ತಿದ್ದೆ ಅಂದ್ಲು.”

ಅದು ಸುಳ್ಳೆಂದು ಹೇಳಲು ಬಾಯಿ ತೆರೆದೆ.

ಅವತ್ತು ನಮ್ಮ ಅಡಿಗೆ ಮನೆಯಲ್ಲಿ ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಕ್ರಿಸ್ಟೀನಾ ಉದ್ದನೆಯ ಅಳತೆಪಟ್ಟಿಯ ಮೇಲೆ ಎಡಗೈ ಒತ್ತಿಕೊಂಡು ಬಾಗಿದ್ದಳು. ಬಟ್ಟೆಯ ಮಾದರಿ ಕಾಗದ ಕತ್ತರಿಸುತ್ತಿದ್ದಾಳೆ ಎಂದುಕೊಂಡೆ. ಮಾದರಿ ಕಾಗದಕ್ಕೆ ಚರ್ಮದ ರಟ್ಟು ಇರುವುದಿಲ್ಲ. ಅದೂ ಕಣ್ಣಿಗೆ ಬಿದ್ದಿತ್ತು. ಒಲೆಯ ಪಕ್ಕದಲ್ಲಿ ಸೌದೆ ಬೇಕಾದಷ್ಟಿತ್ತು. ನಾನು ತರಲು ಹೋದೆ.

ಯಂತ್ರದ ಸದ್ದು ನಿಂತಿತು. ಹಿಂದಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

“ಸಹಿ ಹಾಕಿದ್ರೆ ಭಾನುವಾರ ನಾನು ನಿಂತು ಓದ್ತೀನಿ,” ಎಂದರು ಡೊಲೀನಾ, ಬೇಗಬೇಗನೆ. “ಬಾಗಿಲಲ್ಲಿ ನಿಂತು ನೋಡಿದೋರ ಹೆಸರನ್ನೂ ಹೇಳ್ತೀನಿ. ಇಲ್ಲ, ಈಗ್ಲೇ ಅಯ್ಯನೋರ ಮುಂದೆ ನೀವೇ ಬಾಯಿ ಬಿಡಿ. ಆಗ ಹಾಳೆ ನಿಮ್ಮ ಕೈಗೆ ಕೊಟ್ಟು, ಭಾನುವಾರ ನಾನು ನನ್ನ ಜಾಗದಲ್ಲಿ ಕೂತ್ಕೋತೀನಿ. ಓದೋದು ನಿಮ್ಮ ಪಾಲಿಗೆ. ಮೂರನೇದು ಇಲ್ಲ.”

ಪಾದ್ರಿಗಳು ಒಳಗೆ ಬಂದರು. ನಾವಿಬ್ಬರೂ ಒಂದೇ ಕೋಣೆಯಲ್ಲಿ ನಿಂತಿರುವುದನ್ನು ಕಂಡು, ರಾಜಿಯಾಯಿತೆಂದು ತಿಳಿದು, ಅವರ ಮುಖ ಅರಳಿತು. ಕಾಗದವನ್ನು ಮೇಜಿನ ಮೇಲೆ ಹರವಿ, ನನ್ನ ಹೆಸರಿನ ಮೇಲಿನ ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಕನ್ನಡಕ ಇಲ್ಲದೆಯೂ ಮೊದಲ ಸಾಲು ಕಾಣುತ್ತಿತ್ತು. ‘ನನಗೆ ತಿಳಿದಮಟ್ಟಿಗೆ’ ಎಂದು ಅದು ಶುರುವಾಗಿತ್ತು.

ಲೇಖನಿಯನ್ನು ನನ್ನ ಕಡೆ ಚಾಚಿದರು. ತೆಗೆದುಕೊಂಡೆ.